ಕರಿ ತಪಕೀರದ ರಾಯರಿಗೆ ಒಂದು ಬಹಿರಂಗ ಪತ್ರ

ದೇಶಪಾಂಡೆ ನಗರ, ಹುಬ್ಬಳ್ಳಿ

ರಾಯರಿಗೆ, ಹಿಂದಿನ ಓಣಿಯವಳಿಂದ.

ನಿವೃತ್ತಿಯ ನಂತರ ತಾವು ಮನೆಯಲ್ಲೇ ಕರಿ ತಪಕೀರ, ಅಂದರೆ ನಶ್ಯ, ತಯಾರಿಸಲು ಕೈಹಾಕಿರುವ ಸಂಗತಿ ಯಾರೂ ಬಂದು ಹೇಳುವ ಮೊದಲೇ ನನಗೆ ತಿಳಿಯಿತು. ಸಂಜೆಯ ಗಾಳಿ ನಿಮ್ಮ ಮಾಳಿಗೆಯಿಂದ ನಮ್ಮ ಹಿತ್ತಲ ಕಡೆಗೇ ಬೀಸುತ್ತದೆ. ಮೊದಮೊದಲು ಓಣಿಯವರೆಲ್ಲ ಯಾರೋ ಮಸಾಲಿ ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದಾರೆ ಅಂದುಕೊಂಡರು. ಮೆಣಸಿನಕಾಯಿಯ ಘಾಟಾದರೆ ನಾಲ್ಕು ಸೀನಿಗೆ ಸಮಾಧಾನವಾಗುತ್ತದೆ. ಇದು ತಲೆಯೊಳಗೆ ಹೊಕ್ಕು ಬಾಡಿಗೆ ಕರಾರು ಮಾಡಿಕೊಳ್ಳುವ ಘಾಟು. “ಏನ್ರೀ ಅಕ್ಕಾರ, ಹೊಗಿಸೊಪ್ಪು ಹುರ್ಯಾಕತ್ತಾರೇನ್ರಿ ಅವರು?” ಎಂದು ಕಡೆಗೆ ಗುರುತು ಹಿಡಿದವನು ಹಾಲು ಹಾಕುವ ಹುಡುಗ.

ನಾನು ದೂರು ಕೊಡಲು ಬರೆಯುತ್ತಿದ್ದೇನೆ ಎಂದು ತಪ್ಪು ತಿಳಿಯಬೇಡಿ. ದೂರಾಗಿದ್ದರೆ ಮಹಾನಗರ ಪಾಲಿಕೆಗೆ ಬರೆದು ಇಷ್ಟು ಹೊತ್ತಿಗೆ ಮರೆತೂ ಬಿಡುತ್ತಿದ್ದೆ. ಇದು ಅಭಿನಂದನೆ. ನಿವೃತ್ತರಾದ ಗಂಡಸರು ನಮ್ಮ ಬಡಾವಣೆಯಲ್ಲಿ ಬೆಳಗ್ಗೆ ಜಿಮಖಾನಾ ಮೈದಾನ ಸುತ್ತುತ್ತಾರೆ, ಹತ್ತು ಗಂಟೆಗೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ತುಂಬಿಸಿಕೊಂಡು ಬರುತ್ತಾರೆ, ಉಳಿದ ಹೊತ್ತಿನಲ್ಲಿ ಮೊಬೈಲಿನಿಂದ ದೇಶ ಉದ್ಧಾರ ಮಾಡುತ್ತಾರೆ. ಅಂಥವರ ನಡುವೆ ನೀವೊಬ್ಬರು ಎದ್ದು ಒಂದು ಕಸಬು ಕಲಿಯಲು ಹೊರಟಿದ್ದೀರಿ. ದೇಸಾಯಿ ಕ್ರಾಸಿನ ಚಹಾದಂಗಡಿಯ ಮುಂದೆ ನೀವು ಆಡಿದ ಮಾತನ್ನು ನಾನೂ ಕೇಳಿಸಿಕೊಂಡೆ: “ಪ್ಯಾಟ್ಯಾಗಿನ ತಪಕೀರದಾಗ ಏನೇನ್ ಕೂಡಸ್ತಾರೋ ಆ ದೇವರಿಗೇ ಗೊತ್ತು. ಮನ್ಯಾಗ ಮಾಡಿದ್ದು ಅಂದ್ರ ಶುದ್ಧ.” ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಮನೆಯಲ್ಲಿ ಮಾಡಿದ್ದು ಎಂಬ ಮಾತಿನ ಮುಂದೆ ತಲೆಯಾಡಿಸದವರು ಈಗ ಯಾರಿದ್ದಾರೆ? ಹಪ್ಪಳ ಮನೆಯದು, ಗಾಣದೆಣ್ಣೆ ಮನೆಯದು, ಸಾಬೂನು ಮನೆಯದು. ತಪಕೀರ ಒಂದು ಯಾಕೆ ಅನಾಥವಾಗಿ ಉಳಿಯಬೇಕು?

ನಿಮ್ಮ ಕಸಬಿನ ಬಗ್ಗೆ ನನಗೆ ಗೌರವವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕರಿ ತಪಕೀರ ಸುಲಭದ ವಸ್ತುವಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆಯ ವರ್ಜೀನಿಯಾ ಎಲೆ ಸಿಗರೇಟಿಗೆ ಹುಟ್ಟಿದ್ದು. ಬ್ಯಾರನ್ನಿನ ಬಿಸಿಯಲ್ಲಿ ಬೆಂದು ಹಳದಿಯಾಗಿ, ಸಿಹಿಯಾಗಿ, ಸೌಮ್ಯವಾಗಿ ಬರುತ್ತದೆ. ನಿಮಗದು ನಡೆಯುವುದಿಲ್ಲ. ನಿಮಗೆ ನಿಪ್ಪಾಣಿ ಸೀಮೆಯ ಬಿಸಿಲಲ್ಲಿ ಒಣಗಿದ ದಪ್ಪ, ಒರಟು ಎಲೆಯೇ ಬೇಕು. ಅದರ ನಡುದಂಟು ಎಳೆದು ತೆಗೆಯಬೇಕು. ಎಲೆಗೆ ಉಪ್ಪುನೀರು ಚಿಮುಕಿಸಿ, ಒತ್ತಿ, ಗೋಣಿತಾಟಿನಲ್ಲಿ ಬಿಗಿದು ಕಟ್ಟಿ ಕತ್ತಲಲ್ಲಿ ಇಡಬೇಕು. ಕೆಲವು ದಿನಗಳಲ್ಲಿ ಗಂಟಿನ ಒಳಗೆ ಕಾವು ಏಳುತ್ತದೆ, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬರುತ್ತದೆ, ಎಲೆ ಕಂದು ಬಣ್ಣದಿಂದ ಕಪ್ಪಿಗೆ ತಿರುಗುತ್ತದೆ. ಗಂಟು ಬಿಚ್ಚಿ, ಒಳಗಿನದು ಹೊರಗೆ ಹೊರಗಿನದು ಒಳಗೆ ಮಾಡಿ, ಮತ್ತೆ ಕಟ್ಟಬೇಕು. ಆಮೇಲೆ ಹಂಚಿನ ಮೇಲೆ ಬಾಡಿಸುವುದು, ಒರಳಲ್ಲಿ ಕುಟ್ಟುವುದು, ಬೀಸುವುದು, ಮಲಮಲ್ ಬಟ್ಟೆಯಲ್ಲಿ ವಸ್ತ್ರಗಾಳ ಮಾಡುವುದು. ಕೊನೆಗೆ ಸುಣ್ಣದ ತಿಳಿ. ಮದರಾಸಿನ ಕಡೆಯವರು ಸುಣ್ಣದ ಜೊತೆ ತುಪ್ಪವನ್ನೂ ಕೂಡಿಸಿ ಅರೆಯುತ್ತಾರೆ. ಪುಡಿ ಹಾರುವುದಿಲ್ಲ, ಮೂಗು ಉರಿಯುವುದೂ ಸ್ವಲ್ಪ ಕಡಿಮೆ.

ಸುಣ್ಣ ಯಾಕೆ ಎಂದು ನೀವು ಕೇಳಿಲ್ಲ, ಆದರೆ ರಸಾಯನಶಾಸ್ತ್ರ ಕಲಿಸಿದವಳು ನಾನು, ಹೇಳದೆ ಇರಲಾರೆ. ಎಲೆಯಲ್ಲಿರುವ ನಿಕೋಟಿನ್ ಆಮ್ಲಗಳ ಜೊತೆ ಕಟ್ಟಿಕೊಂಡು ಕೂತಿರುತ್ತದೆ. ಹಾಗೆಯೇ ಮೂಗಿಗೆ ಏರಿಸಿದರೆ ಒಳಗೆ ಹೋಗಲು ಸೋಮಾರಿತನ ಮಾಡುತ್ತದೆ. ಸುಣ್ಣದ ಕ್ಷಾರ ಅದನ್ನು ಬಿಡಿಸುತ್ತದೆ. ಬಿಡಿಯಾದ ನಿಕೋಟಿನ್ ಮೂಗಿನ ಒಳಪದರ ದಾಟಿ ಸೀದಾ ರಕ್ತಕ್ಕೆ ಇಳಿಯುತ್ತದೆ. ಕೈಯಲ್ಲಿ ತಂಬಾಕು ತಿಕ್ಕುವ ಹಮಾಲನಿಗೂ ಮಾಳಿಗೆಯ ಮೇಲಿನ ತಮಗೂ ಗುರು ಒಬ್ಬನೇ, ಆ ಸುಣ್ಣದ ಡಬ್ಬಿ. ಇದನ್ನು ಹೇಳಿದ್ದಕ್ಕೆ ಬೇಸರ ಬೇಡ.

ವಂಶಾವಳಿಯ ವಿಚಾರಕ್ಕೂ ನೀವು ತಲೆ ತಗ್ಗಿಸಬೇಕಾಗಿಲ್ಲ. 1604ರ ಸುಮಾರಿಗೆ ಅಕ್ಬರನ ಮಗ ದಾನಿಯಾಲನಿಗೆ ಆದಿಲಶಾಹಿ ಮನೆತನದ ಹೆಣ್ಣನ್ನು ಕರೆದೊಯ್ಯಲು ನಮ್ಮ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬ ಮೊಗಲ ಅಧಿಕಾರಿ, ಇಲ್ಲಿ ಮೊದಲ ಸಲ ತಂಬಾಕು ಕಂಡ. ರತ್ನ ಕೆತ್ತಿಸಿದ ಹುಕ್ಕಾ ಸಮೇತ ಅದನ್ನು ಆಗ್ರಾಕ್ಕೆ ಒಯ್ದ. ಬಾದಶಹ ಒಂದೆರಡು ದಮ್ಮು ಎಳೆದಾಗ ಅರಮನೆಯ ಹಕೀಮ, ನಮ್ಮ ಗ್ರಂಥಗಳಲ್ಲಿ ಇದರ ಸುದ್ದಿಯೇ ಇಲ್ಲ, ಬೇಡ ಎಂದ. ಅಸದ್ ಬೇಗ್ ಬಿಡಲಿಲ್ಲ. ಜಗತ್ತಿನ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲ ಎಂದು ವಾದಕ್ಕೆ ನಿಂತ. ವಾದ ಗೆದ್ದ. ಹಕೀಮ ಸೋತ. ಹದಿಮೂರು ವರ್ಷಗಳ ನಂತರ, 1617ರಲ್ಲಿ, ಜಹಾಂಗೀರ ತಂಬಾಕು ನಿಷೇಧಿಸಿ ಫರ್ಮಾನು ಹೊರಡಿಸಿದ. ಫರ್ಮಾನು ಈಗ ಪುಸ್ತಕದಲ್ಲಿದೆ, ತಂಬಾಕು ಎಲ್ಲ ಕಡೆ ಇದೆ. ಹೀಗೆ ಉತ್ತರ ಹಿಂದೂಸ್ತಾನಕ್ಕೆ ಈ ಚಟದ ಪ್ರಸಾದ ಹಂಚಿದ್ದು ನಮ್ಮ ಉತ್ತರ ಕರ್ನಾಟಕವೇ. ಪ್ರಾದೇಶಿಕ ಅಸಮತೋಲನದ ಬಗ್ಗೆ ಮಾತಾಡುವವರು ಈ ಕೊಡುಗೆಯನ್ನು ಯಾವ ವರದಿಯಲ್ಲೂ ಸೇರಿಸದೆ ಇರುವುದು ಅನ್ಯಾಯ.

ಯುರೋಪಿನಲ್ಲಂತೂ ಮೂಗೇ ಮೊದಲು ದೊಡ್ಡ ಮನೆಗಳಿಗೆ ಬಾಗಿಲು ತೆರೆಯಿತು. 1560ರಲ್ಲಿ ಪೋರ್ಚುಗಲ್ಲಿನಲ್ಲಿದ್ದ ಫ್ರಾನ್ಸಿನ ರಾಯಭಾರಿ ಜಾನ್ ನಿಕೋ, ತಲೆಶೂಲೆಗೆ ಒಳ್ಳೆಯದೆಂದು ರಾಣಿ ಕ್ಯಾಥರೀನ್ ದ ಮೆದಿಚಿಗೆ ತಂಬಾಕು ಕಳಿಸಿದ. ರಾಣಿಯ ಮೂಗಿಗೆ ಏರಿದ್ದು ಆಸ್ಥಾನದ ಎಲ್ಲರ ಮೂಗಿಗೂ ಏರಿತು. ಮುಂದೆ ಅಲ್ಲಿಯ ಶ್ರೀಮಂತರು ಗಟ್ಟಿಯಾಗಿ ಸುತ್ತಿದ ತಂಬಾಕಿನ ಉಂಡೆಯನ್ನೂ ದಂತದಲ್ಲಿ ಕೆತ್ತಿದ ಸಣ್ಣ ತುರಿಮಣೆಯನ್ನೂ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರು. ಬೇಕೆನಿಸಿದಾಗ ತಾವೇ ತುರಿದು, ತಾಜಾ ಚಿಟಿಕೆ ಏರಿಸುತ್ತಿದ್ದರು. ಮನೆಯಲ್ಲೇ ಮಾಡಿದ್ದು ಎಂಬ ನಿಮ್ಮ ಅಭಿಮಾನದ ಮೂಲಪುರುಷರು ಅವರು. ಒಂದು ಅಂಶವನ್ನು ಮಾತ್ರ ಗುರುತು ಹಾಕಿಕೊಳ್ಳಿ: ತುರಿಯುತ್ತಿದ್ದವರು ತಾವೇ. ಇದಕ್ಕೆ ಆಮೇಲೆ ಬರುತ್ತೇನೆ.

ಸೆವಿಲ್ಲಾದ ಚರ್ಚುಗಳಲ್ಲಿ ಪೂಜೆಯ ನಡುವೆ ಪಾದ್ರಿಗಳೇ ಸೀನುವುದನ್ನು ತಾಳಲಾರದೆ 1642ರಲ್ಲಿ ಎಂಟನೇ ಅರ್ಬನ್ ಪೋಪರು ಬಹಿಷ್ಕಾರದ ಬೆದರಿಕೆ ಹಾಕಿದರು. 1725ರಲ್ಲಿ ಹದಿಮೂರನೇ ಬೆನೆಡಿಕ್ಟರು ಅಂಥ ನಿರ್ಬಂಧ ತೆಗೆದುಹಾಕಿದರು, ಯಾಕೆಂದರೆ ಅವರೂ ನಮ್ಮವರೇ, ಅಂದರೆ ನಿಮ್ಮವರೇ. ಇಲ್ಲಿ ನಮ್ಮ ಮಡಿವಂತರಿಗೆ ಪೋಪರ ಅಪ್ಪಣೆಯೂ ಬೇಕಾಗಲಿಲ್ಲ. ಬೀಡಿ ತುಟಿಗೆ ತಾಗುತ್ತದೆ, ಎಂಜಲಾಗುತ್ತದೆ. ಹೊಗೆಸೊಪ್ಪು ಜಗಿದರೆ ಉಗುಳಬೇಕು, ಅದೂ ಎಂಜಲು. ಮೂಗಿಗೆ ಎಂಜಲಿಲ್ಲ! ಶಾಸ್ತ್ರಿಗಳು, ಕೀರ್ತನಕಾರರು, ಕನ್ನಡ ಶಾಲೆಯ ಮಾಸ್ತರರು, ಕುಲಕರ್ಣಿಗಳು ಈ ಸಂದಿಯೊಳಗಿಂದ ನುಸುಳಿ ಬಂದರು. ಇಷ್ಟು ಕಟ್ಟುನಿಟ್ಟಿನ ಧರ್ಮಶಾಸ್ತ್ರದಲ್ಲಿ ಇಷ್ಟು ಸರಿಯಾಗಿ ಎರಡು ತೂತು ಉಳಿದದ್ದು ನನಗೆ ಯಾವಾಗಲೂ ಸೋಜಿಗ. ಆಯುರ್ವೇದದಲ್ಲೇ ನಸ್ಯವಿದೆಯಲ್ಲ ಎಂದು ನೀವು ಅಂದಿರಂತೆ. ಇದೆ, ಪಂಚಕರ್ಮಗಳಲ್ಲಿ ಒಂದು. ಆದರೆ ಚರಕ ತಂಬಾಕನ್ನು ಕಂಡವನಲ್ಲ. ಆ ಗಿಡ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದದ್ದು ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ತಡವಾಗಿ. ಅವನು ಮೂಗಿಗೆ ಬಿಟ್ಟದ್ದು ಎಣ್ಣೆ, ಸೊಪ್ಪಿನ ರಸದಂಥವು.

ಡಬ್ಬಿಯ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಅಜ್ಜನ ಹಿತ್ತಾಳೆ ಡಬ್ಬಿ ಹೆಬ್ಬೆರಳಿನ ಉಗುರಿನಿಂದ ಎತ್ತಿದರೆ ಟಕ್ಕೆಂದು ತೆರೆಯುತ್ತಿತ್ತು. ಆ ಶಬ್ದಕ್ಕೆ ಪಡಸಾಲೆಯಲ್ಲಿ ಮಾತು ನಿಲ್ಲುತ್ತಿತ್ತು. ಜಮೀನಿನ ವ್ಯಾಜ್ಯವಿರಲಿ, ಹೆಣ್ಣು ನೋಡಲು ಬಂದವರಿರಲಿ, ಡಬ್ಬಿ ಒಂದು ಸುತ್ತು ಹೋಗಿ ಬರದೆ ಮಾತು ಮುಂದುವರಿಯುತ್ತಿರಲಿಲ್ಲ. “ತಗೋರಿ, ಒಂದ್ ಚಿಟಿಕಿ” ಅಂದರೆ ಜಗಳ ಅರ್ಧ ಮುಗಿದ ಹಾಗೆಯೇ. ಚಿಟಿಕೆ ಹಿಡಿದ ಎರಡು ಬೆರಳು ಗಾಳಿಯಲ್ಲಿ ನಿಲ್ಲುವುದು, ಹೇಳಬೇಕಾದ ಮಾತನ್ನು ಹೇಳಿ ಮುಗಿಸಿಯೇ ಮೂಗಿಗೆ ಏರುವುದು, ನಂತರ ಕಣ್ಣು ಅರ್ಧ ಮುಚ್ಚುವುದು. ಮೊಬೈಲು ನೋಡುತ್ತ ಮಾತಾಡುವ ಈಗಿನವರಿಗೆ ಆ ವಿರಾಮದ ಹಕ್ಕೇ ಇಲ್ಲ. ಇದೆಲ್ಲ ಖರೆ.

ಅದೇ ಅಜ್ಜನ ಕರವಸ್ತ್ರಗಳನ್ನು ಅಜ್ಜಿ ಒಗೆಯುತ್ತಿದ್ದಳು. ಅವಕ್ಕೆ ಬಚ್ಚಲಲ್ಲಿ ಬೇರೆ ಬಕೀಟು, ಬೇರೆ ಕೋಲು. ಮೊದಲು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಬೇಕು; ನೀರು ಕಷಾಯದ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಕೋಲಿನಿಂದ ಎತ್ತಿ, ಮುಖ ಆಚೆ ತಿರುಗಿಸಿ ತಿಕ್ಕಬೇಕು. ಧೋತರದ ಚುಂಗಿಗೂ ಅದೇ ಉಪಚಾರ. ಎಷ್ಟು ಒಗೆದರೂ ಕಂದು ಕಲೆ ಹೋಗುತ್ತಿರಲಿಲ್ಲ. ತಂತಿಯ ಮೇಲೆ ಒಣಹಾಕಿದಾಗ ನಮ್ಮ ಮನೆ ಯಾವುದೆಂದು ದೂರದಿಂದಲೇ ಗುರುತು ಸಿಗುತ್ತಿತ್ತು. ಪಡಸಾಲೆಯ ಮಾತಿನಲ್ಲಿ ಈ ಬಕೀಟಿನ ಪ್ರಸ್ತಾಪ ಬಂದದ್ದು ನನಗೆ ನೆನಪಿಲ್ಲ.

ಈಗ ಶುದ್ಧದ ವಿಚಾರ. ಅಂಗಡಿಯವರು ಕಲಬೆರಕೆ ಮಾಡುತ್ತಾರೆ, ನಾನು ಬರೀ ಎಲೆ, ಉಪ್ಪು, ಸುಣ್ಣ, ಮನೆಯ ತುಪ್ಪ ಹಾಕುತ್ತೇನೆ ಎನ್ನುತ್ತೀರಿ. ನಂಬುತ್ತೇನೆ. ತೊಂದರೆ ಏನೆಂದರೆ, ಇಲ್ಲಿ ವಿಷವನ್ನು ಹೊರಗಿನಿಂದ ತರುವ ಅಗತ್ಯವೇ ಇಲ್ಲ. ನೀವು ಗೋಣಿತಾಟಿನಲ್ಲಿ ಬಿಗಿದು ಕತ್ತಲಲ್ಲಿ ಇಟ್ಟಿರಲ್ಲ, ಆ ಗಂಟಿನೊಳಗೆ ಸೂಕ್ಷ್ಮಜೀವಿಗಳು ಎಲೆಯ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ; ನೈಟ್ರೈಟು ಎಲೆಯ ಆಲ್ಕಲಾಯ್ಡುಗಳ ಜೊತೆ ಸೇರಿ ನೈಟ್ರೊಸಮೀನುಗಳಾಗುತ್ತವೆ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅವು ಮುಂದಿನ ಸಾಲಿನವು. ಎಲೆ ಕಪ್ಪಾದಷ್ಟೂ, ಘಮ ಏರಿದಷ್ಟೂ, ನೀವು ಖುಷಿಯಿಂದ ಗಂಟು ಬಿಚ್ಚಿ ಮೂಸಿದಷ್ಟೂ ಅವು ಹೆಚ್ಚುತ್ತಿರುತ್ತವೆ. ಸ್ವೀಡನ್ನಿನ ಸ್ನೂಸ್ ಕಾರ್ಖಾನೆಯವರು ಈ ಕಾರಣಕ್ಕೇ ಎಲೆಯನ್ನು ಮುಗ್ಗಲು ಬಿಡದೆ ಹಬೆಯಲ್ಲಿ ಕಾಯಿಸುತ್ತಾರೆ, ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ನಿಮ್ಮ ಮಾಳಿಗೆಯ ಪ್ರಯೋಗಾಲಯದಲ್ಲಿ ಅಳತೆಯ ಉಪಕರಣ ನಿಮ್ಮ ಮೂಗೊಂದೇ, ಅದೂ ಪಕ್ಷಪಾತಿ. ಹಂಚಿನ ಮೇಲೆ ಕಪ್ಪಾಗುವ ತನಕ ಹುರಿದರೆ ಇನ್ನೊಂದು ಜಾತಿಯ ವಿಷ ಸೇರುತ್ತದೆ, ಹೊಗೆಯಲ್ಲಿ ಇರುವಂಥದ್ದು. ಅಂದರೆ ನೀವು ತಯಾರಿಸುತ್ತಿರುವುದು ಕಲಬೆರಕೆಯಿಲ್ಲದ, ನೂರಕ್ಕೆ ನೂರು ಅಸಲಿ ಅಪಾಯ. ಈ ಮಟ್ಟಿಗೆ ಶುದ್ಧತೆಯ ಮಾತು ಸತ್ಯ.

ಇದೇನೂ ಈಗಿನ ಡಾಕ್ಟರುಗಳ ಹೊಸ ಗುಲ್ಲಲ್ಲ. ಲಂಡನ್ನಿನ ಜಾನ್ ಹಿಲ್ ಎಂಬ ವೈದ್ಯ 1761ರಲ್ಲೇ ನಶ್ಯದ ಅತಿಬಳಕೆಯ ವಿರುದ್ಧ ಒಂದು ಪುಸ್ತಿಕೆ ಬರೆದು, ಏರಿಸಿ ಏರಿಸಿ ಮೂಗಿನೊಳಗೆ ಗಂಟು ಬೆಳೆಸಿಕೊಂಡವರ ಕಥೆ ಹೇಳಿದ್ದಾನೆ. ಅವನ ಮಾತನ್ನು ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆರಹಿತ ತಂಬಾಕನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಆ ಗುಂಪಿಗೆ ಅನುಮಾನದ ವಸ್ತುಗಳನ್ನು ಸೇರಿಸುವುದಿಲ್ಲ. ನವನಗರದ ಕ್ಯಾನ್ಸರ್ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಒಂದು ಬೆಳಗು ಕೂತು ನೋಡಿ. ಕಾಯುತ್ತಿರುವವರಲ್ಲಿ ಮನೆಯದನ್ನು ಬಳಸಿದವರಿಗೆ ಬೇರೆ ಸಾಲು ಇರುವುದಿಲ್ಲ.

ಆದರೆ ರಾಯರೇ, ನಿಮ್ಮ ಮೂಗು ನಿಮ್ಮ ಖಾಸಗಿ ಆಸ್ತಿ. ಅದರ ಬಗ್ಗೆ ಉಪದೇಶ ಮಾಡಲು ನಾನು ಈ ಪತ್ರ ಶುರು ಮಾಡಲಿಲ್ಲ. ನಿಮ್ಮ ಮಾಳಿಗೆಯ ಮೇಲೆ ನನಗೆ ಕಾಣುವ ಇನ್ನೊಂದು ಮೂಗಿನ ವಿಷಯ ಹೇಳಬೇಕಾಗಿದೆ.

ನೀವು ಆರಾಮ ಕುರ್ಚಿಯಲ್ಲಿ ಕೂತು ಹದ ಹೇಳುತ್ತೀರಿ. ಕುಟ್ಟುವವಳು ನಿಮ್ಮ ಮನೆಗೆಲಸದಾಕೆ. ಮೂಗಿಗೆ ಸೆರಗು ಬಿಗಿದುಕೊಂಡು ಒರಳ ಮುಂದೆ ಕೂತಿರುತ್ತಾಳೆ. ವಸ್ತ್ರಗಾಳ ಮಾಡುವಾಗ ಅವಳ ತಲೆ, ರೆಪ್ಪೆ ಎಲ್ಲ ಕಂದು. ಒದ್ದೆ ಎಲೆ ಬಿಡಿಸುವ ದಿನ ಅವಳು ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದನ್ನೂ ಕಂಡೆ. ಅದಕ್ಕೂ ರಸಾಯನಶಾಸ್ತ್ರವಿದೆ: ಒದ್ದೆ ಹೊಗೆಸೊಪ್ಪನ್ನು ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ತಲೆ ಸುತ್ತುತ್ತದೆ, ವಾಂತಿ ಬರುತ್ತದೆ. ಹೊಲದಲ್ಲಿ ಎಲೆ ಕೀಳುವವರಿಗೆ ಇದು ಗೊತ್ತಿರುವ ಕಾಯಿಲೆ. ನೀವು ದಿನಕ್ಕೆ ಚಿಟಿಕೆಯ ಲೆಕ್ಕದಲ್ಲಿ ಏರಿಸುತ್ತೀರಿ. ಅವಳು ಗಂಟೆಯ ಲೆಕ್ಕದಲ್ಲಿ, ಡಬ್ಬಿಯಿಲ್ಲದೆ, ಯಾರೂ “ತಗೋ” ಅನ್ನದೆ ಏರಿಸುತ್ತಾಳೆ. ಚಟವಿಲ್ಲದೆ ತಪಕೀರ ಸೇವಿಸುವ ಈ ವಿಧಾನ ಹೊಸದೇನೂ ಅಲ್ಲ.

ನಿಮ್ಮ ಎಲೆ ಬಂದ ಊರಿನ ಕಥೆಯನ್ನೇ ತೆಗೆದುಕೊಳ್ಳಿ. ನಿಪ್ಪಾಣಿ ಅಂದರೆ ನಮ್ಮ ಕಡೆಯವರಿಗೆ ಬೆಳಗಾವಿ ದಾಟಿ ಕೊಲ್ಲಾಪುರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಒಳಬರುವ ಒಂದು ಘಾಟು. ಕನ್ನಡ, ಮರಾಠಿ ಎರಡೂ ಆಡುವ ಊರು. ಅಲ್ಲಿಯ ವಖಾರಿಗಳಲ್ಲಿ ಎಲೆ ಬಡಿಯುವುದು, ದಂಟು ಬೇರ್ಪಡಿಸುವುದು, ಜರಡಿ ಹಿಡಿಯುವುದು ಹೆಂಗಸರ ಪಾಲಿನ ಕೆಲಸ. ಧೂಳು ಹಾರಿಹೋದರೆ ಮಾಲಿನ ತೂಕ ಕಡಿಮೆಯಾಗುತ್ತದೆಯಲ್ಲ, ಕೆಲಸ ನಡೆಯುವುದು ಮುಚ್ಚಿದ ಕೋಣೆಯಲ್ಲಿ. ಎಪ್ಪತ್ತರ ದಶಕದ ಕೊನೆಗೆ ಆ ಹೆಂಗಸರು ಸಂಘ ಕಟ್ಟಿದರು, ಕೂಲಿ ಕೇಳಿದರು, ಬೀದಿಗೆ ಬಂದರು. 1982ರಲ್ಲಿ ದೀಪಾ ಧನರಾಜ್ ಮತ್ತು ಸಂಗಾತಿಗಳ ಯುಗಾಂತರ ತಂಡ ಅವರ ಜೊತೆ ಇದ್ದು, ಅವರಿಂದಲೇ ಹೇಳಿಸಿ, ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ಮಾಡಿತು. ನಿಮ್ಮ ಮೊಮ್ಮಗನಿಗೆ ಹೇಳಿದರೆ ಹುಡುಕಿ ತೋರಿಸಿಯಾನು. ಕಪ್ಪುಬಿಳುಪಿನ ಚಿತ್ರ, ತಪಕೀರದ ಬಣ್ಣ ಕಾಣುವುದಿಲ್ಲ, ಧೂಳು ಕಾಣುತ್ತದೆ.

ಬೆಳೆದ ರೈತನೂ ಸುಖದಲ್ಲಿರಲಿಲ್ಲ. 1981ರ ಮಾರ್ಚಿನಲ್ಲಿ ಎಲೆಗೆ ಬೆಲೆ ಕೇಳಿ, ಶರದ್ ಜೋಶಿಯವರ ಮುಂದಾಳತ್ವದಲ್ಲಿ ನಿಪ್ಪಾಣಿಯ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ವಾರಗಟ್ಟಲೆ ಕೂತರು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿದರು. 12 ಮಂದಿ ರೈತರು ಸತ್ತರು. ನಮ್ಮ ಹುಬ್ಬಳ್ಳಿಯ ಪಕ್ಕದಲ್ಲೇ ಹಾದುಹೋಗುವ ರಸ್ತೆ ಅದು. ನೀವು ದುರ್ಗದಬೈಲಿನಿಂದ ಕಾಗದದಲ್ಲಿ ಸುತ್ತಿ ತರುವ ಎಲೆಗೆ ಇಷ್ಟು ಉದ್ದದ ಬಾಲವಿದೆ. ಕಲಬೆರಕೆ ಎಂದು ನೀವು ಬೈಯುವ ಅಂಗಡಿಯವನು ಆ ಬಾಲದ ಒಂದು ಸಣ್ಣ ಗಂಟು, ಅಷ್ಟೆ.

ಮನೆಯಲ್ಲೇ ಮಾಡುವ ಪರಂಪರೆಯ ನಿಜವಾದ ವಾರಸುದಾರರೂ ಹೆಂಗಸರೇ. ಬೆಳಗಾವಿ ಸೀಮೆಯಲ್ಲಿ ಇಂದಿಗೂ ಎಷ್ಟೋ ಮನೆಗಳಲ್ಲಿ ಹೊಗೆಸೊಪ್ಪನ್ನು ರೊಟ್ಟಿಯ ಹಂಚಿನ ಮೇಲೆ ಹುರಿದು ಪುಡಿ ಮಾಡಿ ಮಿಸರಿ ಎಂದು ಇಟ್ಟುಕೊಳ್ಳುತ್ತಾರೆ. ಬೆಳಗ್ಗೆ ಹಲ್ಲಿಗೆ ತಿಕ್ಕಿಕೊಂಡರೆ ಮಾತ್ರ ಕೆಲಸಕ್ಕೆ ಕೈ ಏಳುತ್ತದೆ. ಅದಕ್ಕೆ ಬೆಳ್ಳಿಯ ಡಬ್ಬಿ ಇಲ್ಲ, ಕಟ್ಟೆ ಇಲ್ಲ, ದರ್ಬಾರಿನ ಕಥೆ ಇಲ್ಲ. ಒಲೆಯ ಹಿಂದಿನ ಗೂಡಿನಲ್ಲಿ ಒಂದು ತಗಡಿನ ಮುಚ್ಚಳ ಇದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 16.3 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದರು, ಹೆಂಗಸರಲ್ಲಿ 10.3. ಬೀಡಿ-ಸಿಗರೇಟು ಸೇದುವ ಹೆಂಗಸರು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಹೀಗಾಗಿ ಅವರ ಪಾಲಿನ ತಂಬಾಕು ಬಹುಮಟ್ಟಿಗೆ ಇದೇ. ನೀವು ಮಾಡಿದರೆ ಕಸಬು, ಹವ್ಯಾಸ, ಪರಂಪರೆಯ ಪುನರುಜ್ಜೀವನ. ಅವರು ಮಾಡಿದರೆ ಕೆಟ್ಟ ಚಟ.

ವ್ಯಾಪಾರದ ಯೋಚನೆಯೂ ಇದೆಯಂತೆ. ಮೊಮ್ಮಗ ‘ದೇಶಪಾಂಡೆ ನಗರ ಸ್ಪೆಷಲ್’ ಎಂದು ಚೀಟಿ ಅಚ್ಚು ಮಾಡಿಸುವ, ರೀಲ್ಸ್ ಬಿಡುವ ಮಾತಾಡುತ್ತಿದ್ದ. ಹುಡುಗನ ಉತ್ಸಾಹಕ್ಕೆ ತಣ್ಣೀರು ಎರಚಬಾರದು, ಆದರೆ 2003ರ ತಂಬಾಕು ಕಾಯಿದೆಯ ಅನುಸೂಚಿಯಲ್ಲಿ ನಶ್ಯಕ್ಕೂ ಒಂದು ಸಾಲು ಇದೆ. ಜಾಹೀರಾತು ಕೂಡದು, ರೀಲ್ಸೂ ಜಾಹೀರಾತೇ. ಪೊಟ್ಟಣದ ನೂರಕ್ಕೆ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ-ಬರಹ ಇರಬೇಕು. ಉಳಿದ 15ರಲ್ಲಿ ದೇಶಪಾಂಡೆ ನಗರ ಹಿಡಿಸಿದರೂ ಸ್ಪೆಷಲ್ ಹಿಡಿಸುವುದು ಕಷ್ಟ. ಶಾಲೆ-ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ನಮ್ಮ ಬಡಾವಣೆಯಲ್ಲಿ ಟೇಪು ಹಿಡಿದು ಅಳೆದರೆ ನಿಮಗೆ ಉಳಿಯುವ ಜಾಗ ಯಾರದೋ ಬಾವಿಯ ಕಟ್ಟೆಯಷ್ಟು. ಕರ್ನಾಟಕದಲ್ಲಿ 2025ರಿಂದ 21 ವರ್ಷದೊಳಗಿನವರಿಗೆ ಮಾರುವುದೂ ಅಪರಾಧ. ಮೊಮ್ಮಗನ ವಯಸ್ಸು ನಿಮಗೇ ಗೊತ್ತು. ತುಪ್ಪ ಹಾಕಿದ್ದೇವೆ, ಆಹಾರ ಎಂದು ಪರವಾನಗಿ ಕೇಳೋಣ ಅಂದರೆ, ಆಹಾರದಲ್ಲಿ ತಂಬಾಕು ಇರಕೂಡದೆಂದು 2011ರ ನಿಯಮ ಹೇಳುತ್ತದೆ. ಇಷ್ಟೆಲ್ಲ ದಾಟಿ ಮಾರಲು ಸಾಧ್ಯವಾದರೆ ನೀವು ತಪಕೀರ ಬಿಟ್ಟು ವಕೀಲಿ ಮಾಡಬಹುದು.

ಇನ್ನೊಂದು ಚಿಕ್ಕ ಕೋರಿಕೆ. ಇದು ಗಾಯಕಿ ಗಂಗೂಬಾಯಿ ಹಾನಗಲ್ಲರ ಮನೆ ‘ಗಂಗಾಲಹರಿ’ ಇರುವ ಬಡಾವಣೆ. ಅವರ ಗುರುಗಳ ಹೆಸರಿನ ಸವಾಯಿ ಗಂಧರ್ವ ಸಭಾಗೃಹವೂ ನಮ್ಮಲ್ಲೇ ಇದೆ. ಕಿರಾಣಾ ಘರಾಣೆಯ ವಿಲಂಬಿತವೆಂದರೆ ಗೊತ್ತಲ್ಲ, ಒಂದು ಸ್ವರದ ಮೇಲೆ ಗಾಯಕರು ಎಷ್ಟು ಹೊತ್ತು ನಿಂತರೂ ನಿಂತಾರು, ಕೇಳುವವರು ಉಸಿರು ಹಿಡಿದಿರಬೇಕು. ಕಳೆದ ಕಛೇರಿಯಲ್ಲಿ ಅಂಥ ಒಂದು ನಿಷಾದದ ಮೇಲೆ ಎಲ್ಲರೂ ತೂಗುತ್ತಿದ್ದಾಗ ಮೂರನೇ ಸಾಲಿನಿಂದ ತಮ್ಮ ಸೀನು ಬಂತು. ಒಂದಲ್ಲ, ಸರಣಿ. ಕೊನೆಯದು ಸರಿಯಾಗಿ ಸಮ್ಮಿನ ಮೇಲೆ ಬಿದ್ದದ್ದನ್ನು ಮೆಚ್ಚಿಕೊಳ್ಳುತ್ತೇನೆ. ತಬಲಜಿ ಕೂಡ ತಲೆಯೆತ್ತಿ ನೋಡಿದ. ಆದರೆ ಸಂಗತಕ್ಕೆ ಯಾರೂ ಕರೆದಿರಲಿಲ್ಲ. ಕೋವಿಡ್ ಬಂದು ಹೋದ ಮೇಲೆ ಸೀನಿಗೆ ಮೊದಲಿನ ಮರ್ಯಾದೆ ಉಳಿದಿಲ್ಲ ಎಂಬುದನ್ನೂ ಗಮನಿಸಿ. ಮುಂಚೆ “ಚಿರಂಜೀವಿ” ಅನ್ನುತ್ತಿದ್ದರು, ಈಗ ಕುರ್ಚಿ ಬದಲಿಸುತ್ತಾರೆ.

ಇಷ್ಟು ಹೇಳಿದ ಮೇಲೂ ನೀವು ಮುಂದುವರಿಸುವವರೇ ಎಂದು ಗೊತ್ತು. ಆಗಲಿ. ನನ್ನ ವಿರೋಧವಿಲ್ಲ, ಒಂದು ಕರಾರಿದೆ. ಮನೆಯಲ್ಲೇ ಮಾಡಿದ್ದು ಎಂಬ ಹೆಮ್ಮೆ ನಿಮ್ಮದಾದರೆ ಮಾಡುವುದೂ ನಿಮ್ಮದೇ ಆಗಲಿ. ಆ ಫ್ರೆಂಚ್ ದೊರೆಗಳು ತಮ್ಮ ಚಿಟಿಕೆಯನ್ನು ತಾವೇ ತುರಿದುಕೊಂಡರು. ನೀವೂ ಕುರ್ಚಿಯಿಂದ ಇಳಿದು ಒರಳ ಮುಂದೆ ಪದ್ಮಾಸನ ಹಾಕಿ. ಒದ್ದೆ ಎಲೆಯ ದಂಟು ನೀವೇ ಎಳೆಯಿರಿ, ತಲೆ ಸುತ್ತಿದರೆ ನೀವೇ ಗೋಡೆ ಹಿಡಿಯಿರಿ. ವಸ್ತ್ರಗಾಳ ಮಾಡುವಾಗ ಮಾಳಿಗೆಯ ಬಾಗಿಲು ಹಾಕಿಕೊಳ್ಳಿ. ಘಾಟು ನಿಮ್ಮದು, ನಿಮ್ಮ ಹತ್ತಿರವೇ ಇರಲಿ. ಕರವಸ್ತ್ರಕ್ಕೆ ಬೇರೆ ಬಕೀಟು ಇಟ್ಟು, ಸೋಡಾ ಹಾಕಿ, ಸ್ವಂತ ಕೈಯಿಂದ ತಿಕ್ಕಿ, ತಂತಿಯ ಮೇಲೆ ಒಣಹಾಕಿ. ಹೀಗೆ ಒಂದು ಡಬ್ಬಿಯಾದರೂ ತುಂಬಿದರೆ, ಅದು ನಿಜಕ್ಕೂ ಮನೆಯಲ್ಲಿ ಮಾಡಿದ್ದು ಎಂದು ನಾನೇ ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತೇನೆ.

ನಿಮ್ಮ ಸೀನಿನ ಶ್ರೇಯಸ್ಸು ಬಯಸುವ,
ಹಿಂದಿನ ಓಣಿಯ, ಗಾಳಿಯ ದಿಕ್ಕಿನಲ್ಲಿರುವ ಮನೆಯವಳು

ಪ್ರತಿ, ಮಾಹಿತಿಗಾಗಿ: ತಮ್ಮ ಮನೆಗೆಲಸದಾಕೆಗೆ. ಆಕೆಗೆ ಓದಲು ಬರುವುದಿಲ್ಲ ಎಂದು ತಾವು ಹೇಳುತ್ತಿದ್ದಿರಿ; ಬರುತ್ತದೆ. ತುಟ್ಟಿ ಕಾಲ ಎಂದು ಪಗಾರ ಹೆಚ್ಚಿಸಲು ಕೇಳಿದ ಚೀಟಿ ಬರೆದವಳು ಅವಳೇ.